ಚಮಚೆಯೊಳಗಿನ ಗೆರೆ

“ಆ ಲೇಖನ ನಾನು ಓದಿಲ್ರಿ,” ಎಂದರು ನರ್ಸ್ ಪಾರ್ವತಿಬಾಯಿ. ಪ್ರಫುಲ್ಲಾ ನಮೂನೆಯಲ್ಲಿ ‘ಪರಿಣಾಮ’ ಎಂಬುದರ ಎದುರು ಸೊನ್ನೆ ಬರೆದಳು. ಮನೆಯ ಚಮಚೆಯಲ್ಲಿ ಮಕ್ಕಳಿಗೆ ಔಷಧ ಕುಡಿಸಿದರೆ ಅಳತೆ ತಪ್ಪುತ್ತದೆ ಎಂಬುದು ಆ ಲೇಖನದಲ್ಲಿದ್ದ ಅವಳದೇ ಸಂಶೋಧನೆ. ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾಯಿತೆಂದು ಹೈಟೆಕ್ ಸಿಟಿಯಲ್ಲಿದ್ದ ತನ್ನ ಕಚೇರಿಯ ಕಂಪ್ಯೂಟರಿಗೆ ತುಂಬಲು ದವಾಖಾನೆಯಿಂದ ದವಾಖಾನೆಗೆ ಅಲೆಯುತ್ತಿದ್ದಳು. ಕುಷಾಯಿಗೂಡ ಬಡಾವಣೆಯ ಈ ದವಾಖಾನೆಯದು ಹತ್ತನೆಯ ಸೊನ್ನೆ.

ಅಷ್ಟರಲ್ಲಿ ಜ್ವರದ ಕೂಸನ್ನೆತ್ತಿಕೊಂಡು ಬಂದ ತಾಯಿಯೊಬ್ಬಳು ಕೈಚೀಲದಿಂದ ಮನೆಯ ಚಮಚೆ ತೆಗೆದುಕೊಟ್ಟಳು. ಪಾರ್ವತಿಬಾಯಿ ಅದರೊಳಗೆ ಸಿರಿಂಜಿನಿಂದ ಅಳೆದು ನೀರು ಬಿಟ್ಟರು. ನೀರು ನಿಂತ ಮಟ್ಟಕ್ಕೆ ಸೂಜಿಯಿಂದ ಗೆರೆ ಗೀರಿ, ಔಷಧ ಇದನ್ನು ದಾಟಬಾರದೆಂದು ತೆಲುಗಿನಲ್ಲಿ ತಿಳಿಹೇಳಿದರು.

ಪ್ರಫುಲ್ಲಾಳ ಪೆನ್ನು ನಿಂತಿತು. “ಇದನ್ನ ನಿಮಗ ಯಾರು ಕಲಿಸಿದ್ರು?”

“ಯಾರೂ ಇಲ್ರಿ. ಆರು ವರ್ಷದ ಹಿಂದ ಒಬ್ಬ ಹುಡುಗಿ ನಮ್ಮ ಓಣ್ಯಾಗ ಮನಿಮನಿಗೆ ಹೋಗಿ ಚಮಚಾ ಅಳದು ಬರಕೊಂಡ್ಲು. ಚಮಚಾ ಚಮಚಾಕ್ಕೂ ಭಾಳ ಫರಕ್ ಐತಿ ಅಂತ ಆವಾಗ ನನಗ ಹೊಳೀತು. ಕಡೀಕೆ ಏನು ಗೊತ್ತಾತು ಅಂತ ಬಂದು ಹೇಳ್ತೀನಿ ಅಂದಿದ್ಲು, ಈ ಕಡೆ ಹಾಯಲೇ ಇಲ್ಲ ನೋಡ್ರಿ.”

ಪ್ರಫುಲ್ಲಾ ನಮೂನೆಯನ್ನು ಮಡಚಿ ಬದಿಗಿಟ್ಟಳು.

“ಈಗ ಬಂದೀನ್ರಿ,” ಎಂದಳು.