ನಿದ್ದೆಯಲ್ಲಿ ಕಡಿದ ಹಲ್ಲು

"ನಿದ್ದೇಲಿ ಹಲ್ಲು ಕಡೀತೀರಾ ಅಮ್ಮ?" ಎಂದು ಹಲ್ಲಿನ ಡಾಕ್ಟರ್ ಸ್ಫೂರ್ತಿ ಕೇಳಿದಾಗ ತೀರ್ಥಮ್ಮ "ಇಲ್ಲ" ಎಂದಳು. ಅದೇ ಕ್ಷಣಕ್ಕೆ ಪಕ್ಕದಲ್ಲಿ ನಿಂತಿದ್ದ ಗಂಡ ರಾಜಶೇಖರಪ್ಪ "ಹೂಂ" ಎಂದ.

ತೀರ್ಥಮ್ಮ ಕುರ್ಚಿಯಲ್ಲಿ ಒರಗಿದ್ದ ಹಾಗೆಯೇ ಗಂಡನತ್ತ ತಿರುಗಿದಳು. ಹೋದ ವರ್ಷ ಕಡೂರಿನ ಇದೇ ಆಸ್ಪತ್ರೆಯಲ್ಲಿ ಕೂರಿಸಿದ್ದ ಹಲ್ಲು ಈಗ ಅಲ್ಲಾಡತೊಡಗಿತ್ತು. ಅವಳು ಕೊಬ್ಬರಿ ಕಡಿದವಳಲ್ಲ, ಎರಡು ಹೊತ್ತು ಉಜ್ಜುವುದನ್ನೂ ತಪ್ಪಿಸಿರಲಿಲ್ಲ. "ನಿಮ್ಮ ದವಡೆ ಮೂಳೆ ಕಿರಿದು, ಅದಕ್ಕೇ ಸಪೂರ ಇಂಪ್ಲಾಂಟ್, ಅಂದ್ರೆ ಹಲ್ಲು ಕೂರಿಸೋ ಸ್ಕ್ರೂ, ಹಾಕಿದ್ದು. ರಾತ್ರಿಯೆಲ್ಲ ಹಲ್ಲು ಕಡಿದ್ರೆ ಅದು ತಾಳಲ್ಲ," ಎಂದರು ಡಾಕ್ಟರ್.

"ಯಾವಾಗಿಂದ ಕಡೀತಿದೀನ್ರೀ?"

"ನಯನ ನಮಗೆ ಹೇಳ್ದೆ ಮದುವೆ ಮಾಡ್ಕೊಂಡು ಹೋದ್ಳಲ್ಲ, ಅವತ್ತಿಂದ ಕಣೇ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಮಗಳ ಹೆಸರೇ ಎತ್ತಬೇಡಿ ಅಂದಿದ್ದೆಯಲ್ಲ. ಕಡಿಯೋವಾಗ ನಿನ್ನ ಗಲ್ಲ ಸವರಿದ್ರೆ ನೀನು ಸುಮ್ನಾಗ್ತಿದ್ದೆ. ಅದಕ್ಕೇ ನಾನು ಸವರ್ತಿದ್ದೆ."

ಮಗಳನ್ನು ಮರೆತೇಬಿಟ್ಟೆನೆಂದು ದೇವನೂರಿನ ನೆಂಟರಿಷ್ಟರಿಗೆಲ್ಲ ತೀರ್ಥಮ್ಮ ಹೇಳಿದ್ದಳು, ತಾನೂ ಅದನ್ನೇ ನಂಬಿದ್ದಳು. ಈಗ ಗಂಡನ ಮೇಲೆ ಸಿಟ್ಟಾಗಬೇಕೋ, ತನ್ನ ಬಾಯಿಯ ಮೇಲೋ, ಗೊತ್ತಾಗಲಿಲ್ಲ. ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚದ ಬಗ್ಗೆ ಡಾಕ್ಟರ್ ವಿವರಿಸುತ್ತಲೇ ಇದ್ದರು. ಅದೊಂದೂ ಅವಳ ಕಿವಿಗೆ ಬೀಳಲಿಲ್ಲ.

"ರೀ," ಎಂದಳು, "ಅವಳ ನಂಬರ್ ನಿಮ್ಮತ್ರ ಐತಾ?"