ಮುಂದಿನ ಬೆಂಚು

ನಾನೂರು ವರ್ಷ ಹಳೆಯ ಇಂಗ್ಲಿಷ್ ನಾಟಕವೊಂದು ಒಂಬತ್ತನೇ ತರಗತಿಗೆ ಪಾಠವಾಗಿತ್ತು. ಅದನ್ನೇ ಈ ಕಾಲಕ್ಕೆ ಹೊಂದಿಸಿ ತೆಗೆದ ಸಿನಿಮಾವನ್ನು ಮಿಸ್ ಕ್ಲಾಸಿನಲ್ಲೇ ತೋರಿಸಿದರು. ಮೊನ್ನೆಯವರೆಗೂ ಚಾರ್ವಿಯ ಕೈ ಬಿಡದಿದ್ದ ಗೆಳತಿ ಈಗ ಮುಂದಿನ ಬೆಂಚಿನಲ್ಲಿ, ಹೊಸದಾಗಿ ಸೇರಿದ ಲವೀನಾಳ ಹೆಗಲಿಗೆ ತಲೆಯಾನಿಸಿ ಕೂತಿದ್ದಳು. ಹಿಂದೆ ಕೂತ ಚಾರ್ವಿಯ ಹೊಟ್ಟೆ ಧಗಧಗ ಉರಿಯಿತು.

ಮರುದಿನ ಎಲ್ಲರೂ ಸಿನಿಮಾದ ಬಗ್ಗೆ ಬರೆದುಕೊಟ್ಟರು. ಲವೀನಾ ಬರೆದದ್ದೇ ಚೆನ್ನಾಗಿದೆ ಎಂದರು ಮಿಸ್. ಚಾರ್ವಿ ತಡೆಯಲಾರದೆ ಎದ್ದಳು.

"ಮಿಸ್, ಅವ್ಳು ಸಿನಿಮಾ ನೋಡ್ಲೇ ಇಲ್ಲ. ಶುರುವಿಂದ ಕೊನೇವರೆಗೂ ನನ್ ಫ್ರೆಂಡ್ ಜೊತೆ ಗುಸುಗುಸು ಮಾತಾಡ್ತಿದ್ಲು. ಗೈಡ್ ನೋಡಿ ಬರ್ದಿದಾಳೆ."

"ಗೈಡಲ್ಲಿರೋದು ನಾಟಕದ ಕಥೆ. ಅದ್ರಲ್ಲಿ ಗಂಡ ಅನುಮಾನಪಟ್ಟು ಹೆಂಡ್ತೀನ ಕೊಲ್ತಾನೆ," ಎಂದರು ಮಿಸ್. "ಸಿನಿಮಾದಲ್ಲಿ ಅವಳು ಬದುಕ್ಕೋತಾಳೆ. ಸತ್ತಳು ಅಂತ ಬರ್ದಿರೋದು ಇಡೀ ಕ್ಲಾಸಲ್ಲಿ ನೀನೊಬ್ಳೇ."