ಗುಲಾಬಿ ಮುಗಿಯುವವರೆಗೆ

ಫೋನುಗಳೆಲ್ಲ ಸತ್ತ ಮೇಲೆ ನಮ್ಮ ಊರಿಗೆ ಉಳಿದಿರುವುದು ಒಂದೇ ರೇಡಿಯೋ ತರಂಗ. ಎಲ್ಲರ ಸಂದೇಶವೂ ಅದರಲ್ಲೇ ಬರಬೇಕು, ಅದರಲ್ಲೇ ಹೋಗಬೇಕು. ಒಬ್ಬರು ಕಳಿಸುತ್ತಿದ್ದರೆ ಉಳಿದವರು ಕಾಯಬೇಕು. ಕಳಿಸುವವರು ನಾಲ್ಕು ಮಾತಲ್ಲಿ ಮುಗಿಸಿ ಜಾಗ ಬಿಡಬೇಕು. ಇದು ಸಣ್ಣ ಮಕ್ಕಳಿಗೂ ಗೊತ್ತು, ಪಕ್ಕದ ಮನೆಯ ಚನ್ನವೀರಪ್ಪನವರಿಗೆ ಮಾತ್ರ ಗೊತ್ತಿಲ್ಲ.

ಅವರು ದಿನಾ ಬೆಳಿಗ್ಗೆ ಊರಿಗೆಲ್ಲ ಶುಭೋದಯದ ಗುಲಾಬಿ ಚಿತ್ರ ಕಳಿಸುತ್ತಾರೆ. ಅದು ಮನೆಮನೆಯ ರೇಡಿಯೋ ಪರದೆಯ ಮೇಲೆ ಒಂದೊಂದೇ ಗೆರೆಯಾಗಿ ಮೂಡಿ ಮುಗಿಯುವಷ್ಟರಲ್ಲಿ ನಾನು ಬಟ್ಟೆ ಒಗೆದು, ರೊಟ್ಟಿ ಬಡಿದು ಆಗಿರುತ್ತದೆ. ಇವತ್ತು ಮಗಳು ಗಿರಿಜಾ ಎರಡನೇ ಹೆರಿಗೆಗೆ ಗಂಡನ ಊರಿನ ಆಸ್ಪತ್ರೆ ಸೇರಿದ್ದಾಳೆ. ಸುದ್ದಿ ಬರುವ ದಾರಿಯಲ್ಲಿ ಗುಲಾಬಿ ಕೂತಿದೆ. ಇನ್ನೂ ದಂಟು ಬಂದಿಲ್ಲ.

ಹಿಟ್ಟಿನ ಕೈಯಲ್ಲೇ ಕಾಂಪೌಂಡಿಗೆ ಹೋದೆ.

"ಕಾಕಾ, ಹೂವು ಸಾಕು ಮಾಡ್ರಿ. ಗಿರಿಜಾನ ಸುದ್ದಿ ಬರಬೇಕು."

"ಅರ್ಧ ಆಗೇತಿ ಯವ್ವಾ. ಅರ್ಧ ಹೂವು ನೋಡಿದ್ರ ಮಂದಿ ಏನಂತಾರ?"

"ಪೂರ್ತಿ ನೋಡಿದಾಗ ಏನಂತಾರ ಅನ್ನೋದು ನಿಮ್ಮ ಕಿವಿಗೆ ಬಿದ್ದಿಲ್ಲ ಬಿಡ್ರಿ."

ಗೊಣಗುತ್ತಲೇ ನಿಲ್ಲಿಸಿದರು. ನಾನು ಒಳಗೆ ಬರುವಷ್ಟರಲ್ಲಿ ಪರದೆಯ ಮೇಲೆ ಅಳಿಯನ ಸಾಲು ಮೂಡಿತ್ತು: "ಹೆಣ್ಣು. ಇಬ್ಬರೂ ಆರಾಮ." ಅಚ್ಚುಕಟ್ಟಾಗಿ ಮೂರೇ ಪದ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಇನ್ನು ಜಾಗ ಬಿಡುತ್ತಾನೆ ಅಂದುಕೊಂಡರೆ, ಕೆಳಗೆ ಒಂದು ಚಿತ್ರ ಶುರುವಾಯಿತು. ಒಂದು ಗೆರೆ, ಇನ್ನೊಂದು ಗೆರೆ, ಆಮೇಲೆ ಒದ್ದೆ ಕಪ್ಪು ಕೂದಲು.

ಕಾಂಪೌಂಡಿನ ಆಚೆಯಿಂದ ಚನ್ನವೀರಪ್ಪನವರ ದನಿ ಬಂತು. "ಯವ್ವಾ, ಊರೆಲ್ಲ ಕಾಯಾಕತ್ತೇತಿ."

"ಕಾಯ್ಲಿ ಬಿಡ್ರಿ ಕಾಕಾ," ಎಂದೆ. "ಇನ್ನೂ ಮೂಗೇ ಬಂದಿಲ್ಲ."